ಹುಂಜ ಕೊನೆಗೆ ಕಂಡದ್ದು

ಪ್ರಾಣಿ ಕೊನೆಗೆ ಕಂಡದ್ದು ಅದನ್ನು ತಿಂದವರ ಕಣ್ಣಲ್ಲೂ ಒಂದು ಗಳಿಗೆ ಕಂಡುಹೋಗುವ ಕಾಲ ಬಂದ ಮೇಲೆ, ಬಾಡೂಟದ ಮೊದಲ ತುತ್ತಿಗೆ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಕುಯ್ಯುವಾಗ ಸಾಕಿದವರು ಎದುರಿಗಿರಬಾರದು ಎಂಬ ಕಟ್ಟಳೆಯೂ ಹುಟ್ಟಿಕೊಂಡಿತ್ತು.

ಹೊಸ ಅಳಿಯ ಸಿದ್ಧರಾಜು ಬಂದಿದ್ದ. ಜವರಮ್ಮ ಮರಿಯಿಂದ ಸಾಕಿದ ಹುಂಜವನ್ನು ಗಂಡನ ಕೈಗೆ ಕೊಟ್ಟು, ಹಿತ್ತಲಿಗೆ ತೆರೆಯುವ ಅಡುಗೆಮನೆಯ ಕದ ಹಾಕಿಕೊಂಡು ಅದರ ಹಿಂದೆಯೇ ನಿಂತಿದ್ದಳು. ಕೊನೆಯ ನೋಟ ತಂಪಾಗಿರಲೆಂದು ಗಂಡ ಹಿತ್ತಲಲ್ಲಿ ಹಸಿರು ಸೊಪ್ಪು ಹರವಿ, ಅದರ ಮುಂದೆ ಹುಂಜವನ್ನು ಕುಯ್ದಿದ್ದ.

ಈಗ ಅಳಿಯ ತೊಡೆಯ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಏನ್ ಕಾಣ್ತು ಅಳಿಯಂದಿರೇ? ಸೊಪ್ಪು ತಾನೇ?" ಎಂದು ಜವರಮ್ಮ ನಗುತ್ತ ಕೇಳಿದಳು.

ಅವನು ಅಗಿಯುವುದನ್ನು ನಿಲ್ಲಿಸಿದ. "ಸೊಪ್ಪಿನ ಕಡೆ ತಿರುಗೇ ಇಲ್ಲ ಅತ್ತೆ, ಪಾಪದ್ದು. ಬರೀ ನಿಮ್ಮ ಅಡುಗೆಮನೆ ಕದ ನೋಡ್ತಾ ಇತ್ತು."

"ಎಲ್ಲಾದ್ರೂ ಉಂಟೇ!" ಎಂದು ಅವಳು ನಿಂತಲ್ಲೇ ಒಂದು ತುಂಡು ಬಾಯಿಗೆ ಹಾಕಿಕೊಂಡಳು.

ಮುಚ್ಚಿದ ಕದ ಕಂಡಿತು. ಅದರ ಕೆಳಗಿನ ಸಂದಿಯಲ್ಲಿ, ದಿನಾ ಬೆಳಗ್ಗೆ ನುಚ್ಚು ಹಾಕಲು ಹೊರಬರುತ್ತಿದ್ದ ಎರಡು ಪಾದಗಳು, ಕಾಲುಂಗುರ ಸಮೇತ.

ಅವು ಕದಲಲೇ ಇಲ್ಲ.