ಕಿರುಬೆರಳಿನ ಬುಷ್

ಅಕ್ಷತಾ ಚೀಲದಿಂದ ಮೂರು ನಳಿಗೆ ತೆಗೆದು ಲೇತ್ ಮೆಷಿನ್ ಪಕ್ಕದ ಬೆಂಚಿನ ಮೇಲಿಟ್ಟಳು. ಒಂದು ಗಾಜಿನದು, ಒಂದು ಸ್ಟೀಲಿನದು, ಒಂದು ಹಿತ್ತಾಳೆಯದು. ಮೋಟಾರ್ ರಿಪೇರಿಯ ಮಹಾದೇವಯ್ಯ ಮೂರನ್ನೂ ತಿರುಗಿಸಿ ನೋಡಿದರು. ಅವಳ ಹೆಗಲಿನ ಗಿಟಾರನ್ನೂ ನೋಡಿದರು.

"ಯಾವ ಮೋಟಾರಿಂದವ್ವ ಇವು?"

"ಮೋಟಾರಿಂದಲ್ಲ, ಇವು ಸ್ಲೈಡು" ಎಂದಳು ಅಕ್ಷತಾ. ಅವಳ ಮಾತೆಲ್ಲ ಬರೀ ಉಸಿರು, ಪಿಸುಮಾತಿಗಿಂತ ಮೇಲೇಳದು. ಮಹಾದೇವಯ್ಯ ಕಿವಿ ಮುಟ್ಟಿ ತೋರಿಸಿ, ಸೀಮೆಸುಣ್ಣದ ತುಂಡು ಅವಳ ಮುಂದೆ ಹಿಡಿದರು. "ಕಿವಿ ಸೋರಿ ಸೋರಿ ಎರಡು ತಮಟೇನೂ ಹೋಗವೆ. ಬಾಗ್ಲು ಮೇಲೆ ಬರಿ."

ಬಟವಾಡಿಯ ಆ ಶೆಡ್ಡಿನ ತಗಡು ಬಾಗಿಲ ತುಂಬ ಗಿರಾಕಿಗಳು ಬರೆದುಹೋದ ಅಳತೆಗಳಿದ್ದವು. ಅಕ್ಷತಾಳಿಗೆ ಅಲ್ಲಿಂದಲೇ ಆಟೋ ಹತ್ತಿ ಮನೆಗೆ ಹೋಗಿಬಿಡೋಣ ಅನ್ನಿಸಿತು. ಗಿಟಾರ್ ತಂತಿ ಮಾರುವ ಚಂದ್ರು, ಬೆರಳಿಗೆ ಸರಿಯಾಗಿ ಕೊರೆದು ಕೊಡುವವರು ಇಡೀ ತುಮಕೂರಿಗೆ ಇವರೊಬ್ಬರೇ ಎಂದು ಹೊಗಳಿ ಕಳಿಸಿದ್ದ. ಕಿವಿಯ ವಿಷಯವೊಂದನ್ನು ನುಂಗಿಕೊಂಡಿದ್ದ. ನಾದ ಹುಡುಕಿಕೊಂಡು ಬಂದವಳಿಗೆ ಸಿಕ್ಕಿದ್ದು ಕಿವುಡರ ಅಂಗಡಿ. ಆದರೂ ಬರೆದಳು: 'ಬೆರಳಿಗೆ ಹಾಕ್ಕೊಂಡು ತಂತಿ ಮೇಲೆ ಜಾರಿಸೋದು. ಯಾವುದೂ ಸರಿ ಬರ್ತಿಲ್ಲ. ನಾಳೆ ಸಂಜೆ ಗುಬ್ಬಿ ಮಠದಲ್ಲಿ ನುಡಿಸಬೇಕು.'

ಬರೆಯದೆ ಉಳಿದದ್ದು ಇನ್ನೂ ಇತ್ತು. ಆ ಮಠದ ವೇದಿಕೆಯ ಮೇಲೆ ಎಂಟು ವರ್ಷದ ಹಿಂದಿನವರೆಗೆ ಅವಳು ವಚನ ಹಾಡುತ್ತಿದ್ದಳು. ಪ್ರತಿ ಸಾಲಿನ ಕೊನೆಯ ಸ್ವರವನ್ನು ಕೂದಲೆಳೆಯಷ್ಟು ಕೆಳಗಿನಿಂದ ಎತ್ತಿಕೊಂಡು ಬರುವುದು ಅವಳ ಅಭ್ಯಾಸ. "ನೆಟ್ಟಗೆ ಸ್ವರದ ಮೇಲೆ ಕೂತ್ಕೊಳೇ, ತೆವಳ್ಕೊಂಡು ಬರ್ಬೇಡ" ಎಂದು ಗಂಗಾಂಬಿಕೆ ಟೀಚರ್ ಬೈದು ಬೈದು ಸೋತಿದ್ದರು. ಆಮೇಲೆ ಥೈರಾಯ್ಡ್ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಗಂಟಲಿನ ಹಾಗೆ ಜಾರಬಲ್ಲದ್ದು ಇದೊಂದೇ ಎಂದು ಮೂರು ವರ್ಷದಿಂದ ಸ್ಲೈಡ್ ಗಿಟಾರ್ ಹಿಡಿದಿದ್ದಳು. ನಾಳೆಯೂ ಅದು ಹಾಡದಿದ್ದರೆ ಇನ್ನು ಯಾವ ವೇದಿಕೆಯನ್ನೂ ಹತ್ತುವುದಿಲ್ಲ ಎಂದು ಬೆಳಿಗ್ಗೆ ಅಮ್ಮನಿಗೆ ಹೇಳಿಯೇ ಬಂದಿದ್ದಳು.

"ಬಾರ್ಸು" ಎಂದರು ಮಹಾದೇವಯ್ಯ. ಗೋಡೆಯಿಂದ ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಗಿಟಾರಿನ ಮರಕ್ಕೆ ಮೆಲ್ಲಗೆ ತಾಗಿಸಿ, ಹಿಡಿಯನ್ನು ತಮ್ಮ ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು. ಓಡುವ ಮೋಟಾರಿನಲ್ಲಿ ಯಾವ ಬೇರಿಂಗ್ ಹೋಗಿದೆ ಎಂದು ಅವರು ಪತ್ತೆಹಚ್ಚುತ್ತಿದ್ದದ್ದು ಹೀಗೆಯೇ. ಅಕ್ಷತಾಳಿಗೆ ನಗು ಬಂತು.

ಗಾಜಿನದರಲ್ಲಿ ನುಡಿಸಿದಳು. "ಇದು ತೇಲ್ತೈತೆ, ಕೂರಲ್ಲ" ಎಂದರು. ಸ್ಟೀಲಿನದು. "ಕಿರುಚ್ತೈತೆ." ಹಿತ್ತಾಳೆಯದನ್ನು ಕೇಳಿ, ಅವಳ ಬೆರಳಿನಿಂದ ಕಳಚಿ, ಹೆಬ್ಬೆರಳಿನ ಉಗುರನ್ನು ಅದರ ಮೈಮೇಲೆ ಎಳೆದರು. "ಮೈಯೆಲ್ಲ ಗೀರು, ಅದಕ್ಕೇ ಗರಗರ ಅನ್ನೋದು. ಬೆರಳಿಗೆ ಲೂಸು ಅಂತ ಒಳಗಡೆ ಬಟ್ಟೆ ಬೇರೆ ತುರುಕಿದೀಯ. ಹಗುರ ಇರೋದ್ರಿಂದ ನೀನೇ ಒತ್ತುತಾ ಇದೀಯ ಕಣವ್ವ. ಭಾರ ಅದು ಹಾಕ್ಬೇಕು. ನೀನು ಬರೀ ದಾರಿ ತೋರಿಸ್ಬೇಕು."

ಅಕ್ಷತಾಳ ನಗು ಅಲ್ಲೇ ನಿಂತಿತು. ಮೂರು ವರ್ಷ ನೋಡಿದ ಅಷ್ಟೂ ವಿಡಿಯೋಗಳಲ್ಲಿ ಈ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಮಹಾದೇವಯ್ಯ ಗುಜರಿ ಡಬ್ಬ ಕೆದಕಿ ಸಣ್ಣ ತೂತಿನ ಒಂದು ಹಳೇ ಬುಷ್, ಲೋಹದ ದಪ್ಪ ನಳಿಗೆ, ಆರಿಸಿದರು. "ಗನ್ ಮೆಟಲ್ಲು. ಕಡಬದ ತೋಟದ ಪಂಪಿಂದು. ಇಪ್ಪತ್ತು ವರ್ಷ ನೀರಲ್ಲಿ ಇದ್ರೂ ಜಗ್ಗಿಲ್ಲ." ಬಳೆ ತೊಡಿಸುವವರ ಹಾಗೆ ಅವಳ ಕಿರುಬೆರಳಿನ ಗಿಣ್ಣು ಒತ್ತಿ ನೋಡಿ ಅಳತೆ ಹಿಡಿದರು. ಲೇತ್ ತಿರುಗಿತು. ಹೊನ್ನಿನ ಬಣ್ಣದ ಸಿಪ್ಪೆ ಸುರುಳಿಸುರುಳಿಯಾಗಿ ಕೆಳಗೆ ಬಿತ್ತು. ಎಮರಿ ಕಾಗದದಲ್ಲಿ ಉಜ್ಜಿದರು, ಎಣ್ಣೆಬಟ್ಟೆಯಲ್ಲಿ ಉಜ್ಜಿದರು. ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಅಕ್ಷತಾ ಕೈ ಚಾಚಿದರೆ ಅವರು ಕೊಡಲಿಲ್ಲ. ಕಣ್ಣು ಮುಚ್ಚಿ ಉಗುರು ಎಳೆದು ನೋಡಿ, "ಕಣ್ಣಿಗೆ ಆಯ್ತು, ಉಗುರಿಗೆ ಆಗಿಲ್ಲ" ಎಂದು ಮತ್ತೆ ಮೆಷಿನ್ನಿಗೆ ಕಚ್ಚಿಸಿದರು. ಹೀಗೆ ಮೂರು ಸಲ.

ಬುಷ್ ಗಿಣ್ಣು ದಾಟಿ ಬೆರಳಿನಲ್ಲಿ ಕೂತಿತು. ಅಕ್ಷತಾ ಈ ಸಲ ಒತ್ತಲಿಲ್ಲ, ತಂತಿಯ ಮೇಲೆ ಸುಮ್ಮನೆ ಇಟ್ಟಳು. ತಾನು ಎಷ್ಟೋ ಸಲ ಹಾಡಿದ್ದ ವಚನವೊಂದರ ಮೊದಲ ಸಾಲನ್ನು ನುಡಿಸಿದಳು. ಕೊನೆಯ ಸ್ವರಕ್ಕೆ ಬಂದಾಗ ಕೈ ತಾನಾಗಿಯೇ ಕೂದಲೆಳೆಯಷ್ಟು ಕೆಳಗಿನಿಂದ ಹೊರಟಿತು. ಅವಳ ಮೈಯೆಲ್ಲ ಜುಮ್ಮೆಂದಿತು. ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿದಳು.

ಮಹಾದೇವಯ್ಯ ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದರು.

"ಗುಬ್ಬಿ ಮಠದಾಗೆ ಒಂದು ಹುಡ್ಗಿ ಹಾಡೋದು" ಎಂದರು. "ನಂಗೆ ಆವಾಗಿನ್ನೂ ಕಿವಿ ಕೇಳ್ತಿತ್ತು. ಸಾಲಿನ ಕೊನೇಲಿ ಹಿಂಗೇ ಕೆಳಗಿಂದ ಎತ್ಕೊಂಡು ಬರೋಳು. ಅದೇ ದನಿ ಕಣವ್ವ ಇದು. ಎಲ್ಲವಳೋ ಏನೋ, ಆಮೇಲೆ ಅವಳ ಸುದ್ದೀನೇ ಇಲ್ಲ."

"ನಾನೇ" ಎಂದಳು ಅಕ್ಷತಾ. ಅದು ಅವರಿಗೆ ಕೇಳಿಸಲಿಲ್ಲ.

ಸೀಮೆಸುಣ್ಣ ಕೈಗೆತ್ತಿಕೊಂಡವಳು ಮತ್ತೆ ಬೆಂಚಿನ ಮೇಲಿಟ್ಟು, ಅದೇ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ನುಡಿಸಿದಳು. ಗಿಟಾರಿನ ಮೇಲೆ ಬಗ್ಗಿದಾಗ ಕುತ್ತಿಗೆಗೆ ಸುತ್ತಿಕೊಂಡಿದ್ದ ವೇಲು ಜಾರಿತು. ಸಾಲು ಮುಗಿಯುತ್ತಲೇ ಮಹಾದೇವಯ್ಯ ಕಣ್ಣು ತೆರೆದರು. ಅವಳ ಗಂಟಲಿಗೆ ಅಡ್ಡವಾಗಿ ಹಳೆಯ ಹೊಲಿಗೆಯ ಗುರುತು ಕಂಡಿತು. "ಆ ಹುಡ್ಗಿ ನೀನೇನವ್ವ?" ಎಂದರು.