ಮೂರನೇ ತರಗತಿಯ ಅಜ್ಜಿ

“ನನ್ ಮಗೀಗೆ ದುಃಖದಲ್ಲಿ ಸೊನ್ನೆ ಕೊಟ್ಟಿದ್ದೀರಲ್ಲ ಮೇಷ್ಟ್ರೇ, ನಿಮ್ಗೇನ್ ಬಂದಿರೋದು ದೊಡ್ರೋಗ?” ಪುಟ್ಟಗೌರಮ್ಮ ಅಂಕಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು.

ಮಗುವಿನ ಸರ್ವಾಂಗೀಣ ಬೆಳವಣಿಗೆಗೆ ಗಣಿತದಷ್ಟೇ ದುಃಖವೂ ಬೇಕೆಂದು ಹೊಸ ಪಠ್ಯಕ್ರಮ ಬಂದು ಆರು ವರ್ಷವಾಗಿತ್ತು. ಮೂರನೇ ತರಗತಿಗೊಬ್ಬ ಯಂತ್ರದ ಅಜ್ಜಿ. ವರ್ಷವಿಡೀ ಕತೆ ಹೇಳಿ, ತಲೆ ಬಾಚಿ, ಪರೀಕ್ಷೆಯ ದಿನ ಮಕ್ಕಳೆದುರಿಗೇ ಸಾಯುತ್ತಿದ್ದಳು.

“ಅವಳು ಅಳಲೇ ಇಲ್ಲವಲ್ಲಮ್ಮಾ,” ಎಂದರು ಶಿವನಂಜಯ್ಯ ಮೇಷ್ಟ್ರು. “ಅತ್ತೋರಿಗೆ ಮಾತ್ರ ಅಂಕ. ನಾನೇನ್ಮಾಡ್ಲಿ?”

“ಹೋದ್ ತಿಂಗ್ಳು ಅವ್ರಪ್ಪ ತೀರ್ಕಂಡಾಗ ಇದ್ದಬದ್ದುದ್ನೆಲ್ಲ ಅತ್ತವಳೆ. ನಿಮ್ ಬೊಂಬೆಗೆ ಅಂತ ಇನ್ನೆಲ್ಲಿಂದ ತರ್ಲಿ? ಬಾರೆ ಚೆಲುವಿ, ಈ ಇಸ್ಕೂಲಿನ ಋಣ ತೀರ್ತು.”

ಬಾಗಿಲ ಬಳಿ ನಿಂತಿದ್ದ ಚೆಲುವಿ ತಾಯಿಯ ಸೆರಗು ಹಿಡಿದು ನಡೆದಳು. ಅವಳ ಒಂದು ಜಡೆಗೆ ಟೇಪಿರಲಿಲ್ಲ.

ಮೇಷ್ಟ್ರು ಮುಂದಿನ ವರ್ಷಕ್ಕೆಂದು ಅಜ್ಜಿಯನ್ನು ಎಬ್ಬಿಸಲು ತರಗತಿಗೆ ಹೋದರು. ತಾವು ಅಳುವ ಮಕ್ಕಳಿಗೆ ಅಂಕ ಹಾಕುತ್ತಿದ್ದಾಗ ಯಾರೋ ಅವಳ ಕಣ್ಣು ಮುಚ್ಚಿ, ತಲೆಯನ್ನು ದಕ್ಷಿಣಕ್ಕೆ ತಿರುಗಿಸಿ, ಕಾಲಿನ ಹೆಬ್ಬೆರಳೆರಡನ್ನೂ ಕೆಂಪು ಟೇಪಿನಿಂದ ಜೋಡಿಸಿ ಕಟ್ಟಿದ್ದರು.

ಜೂನಿನಲ್ಲಿ ಶಾಲೆ ತೆರೆದಾಗ ಚೆಲುವಿ ಬರಲಿಲ್ಲ. ಮೇಷ್ಟ್ರು ಆ ಗಂಟು ಬಿಚ್ಚಿರಲಿಲ್ಲ. ಆ ವರ್ಷ ಮೂರನೇ ತರಗತಿಗೆ ಅಜ್ಜಿಯೂ ಬರಲಿಲ್ಲ.