ಮರೆಯುವ ಅಭ್ಯಾಸ

ಅವನು ಕನ್ನಡಿಯ ಮುಂದೆ ನಿಂತು ತಡವರಿಸುವುದನ್ನು ಅಭ್ಯಾಸ ಮಾಡುತ್ತಿದ್ದ.

"ಕುದುರೆ... ಅದು... ಕಂದು ಬಣ್ಣದ್ದು ಅನ್ಸುತ್ತೆ."

ಸರಿಹೋಗಲಿಲ್ಲ. ತೀರಾ ನಾಟಕದಂತಿತ್ತು. ಕೆನ್ನೆಯ ಮೇಲಿನ ನೊರೆ ಒಣಗುತ್ತಿದ್ದರೂ ಲೆಕ್ಕಿಸದೆ ಇನ್ನೊಮ್ಮೆ ಹೇಳಿದ, ಈ ಸಲ ತಲೆ ಕೆರೆದುಕೊಂಡು. ಕುದುರೆ ಕಪ್ಪು, ಹಿಂಗಾಲೊಂದು ಮಾತ್ರ ಬಿಳಿ. ಆ ಕಂಪ್ಯೂಟರ್ ಆಟದ ಖಾತೆಯ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

"ಈ ಖಾತೆ ನನ್ನದು, ಬೀಗ ತೆಗೆಯಿರಿ" ಎಂದು ಆಟದ ಕಂಪನಿಗೆ ಎರಡು ಸಲ ಅರ್ಜಿ ಹಾಕಿದ್ದ. ಎರಡು ಸಲವೂ ಒಂದೇ ಉತ್ತರ: ಅನುಮಾನಾಸ್ಪದ. ಇನ್ನು ಮೂರಕ್ಕೆ ಮುಕ್ತಾಯ. ಈ ಸಲವೂ ತಪ್ಪಿದರೆ ಖಾತೆಯನ್ನೂ ಅದರೊಳಗೆ ಕಟ್ಟಿದ ಮನೆ, ಕೆರೆ, ಕುದುರೆ ಎಲ್ಲವನ್ನೂ ಅಳಿಸಿಹಾಕುತ್ತಾರೆ.

ಈ ಕಸುಬನ್ನು ಅವನು ಅರೆದು ಕುಡಿದಿದ್ದ. ಬಹಳ ವರ್ಷ ಇನ್ನೊಂದು ಕಂಪನಿಯಲ್ಲಿ ಫೋನಿನ ಆಚೆ ಬದಿಗೆ ಕೂತು, ಮಾಲೀಕ ಯಾರು, ಕಳ್ಳ ಯಾರು ಎಂದು ದನಿ ಕೇಳಿಯೇ ಹೇಳುತ್ತಿದ್ದವನು. ಜೊತೆಯವರು 'ಹದ್ದು' ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸಬರಿಗೆ ಹದ್ದಿನ ಮೊದಲ ಪಾಠ ಒಂದೇ: "ಕಳ್ಳ ಓದ್ಕೊಂಡು ಬರ್ತಾನೆ, ಮಾಲೀಕ ಮರ್ತು ಬರ್ತಾನೆ. ಎಲ್ಲಾ ಸರಿಯಾಗಿ ಹೇಳೋನಿಗೆ ಬಾಗಿಲು ತೆಗೀಬೇಡಿ." ನಿಜವಾದ ಮಾಲೀಕನಿಗೆ ಮನೆಮಂದಿ ಇರುತ್ತಾರೆ, ನೂರೆಂಟು ತಾಪತ್ರಯ ಇರುತ್ತವೆ. ಆಟದ ಕುದುರೆಯ ಬಣ್ಣ ನೆನಪಿಟ್ಟುಕೊಳ್ಳುವಷ್ಟು ಪುರುಸೊತ್ತು ಯಾರಿಗಿದೆ?

ಆ ಕೆಲಸ ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಅವನನ್ನು ಹದ್ದು ಎಂದಾಗಲಿ, ಇನ್ನೇನೆಂದಾಗಲಿ ಯಾರೂ ಕರೆಯುತ್ತಿರಲಿಲ್ಲ. ಲಾಂಡ್ರಿಯ ಮೇಲಿನ ಒಂದೇ ಕೋಣೆ. ಎರಡು ಕುರ್ಚಿ, ಒಂದರ ಮೇಲೆ ಯಾವಾಗಲೂ ಬಟ್ಟೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಗಾಗಿ ಫೋನ್ ಮಾಡುವ ಮುಂಚೆ ಗಂಟಲನ್ನೂ ಸರಿಮಾಡಿಕೊಳ್ಳಬೇಕಾಗಿತ್ತು.

ರಸೀದಿ ತೋರಿಸಿ ಮುಗಿಸೋಣವೆಂದರೆ ಅದೂ ಇಲ್ಲ. ಆಟವನ್ನು ತೆರೆಯುವ ಕೀಲಿ, ಅಂದರೆ ಡಬ್ಬಿಯೊಳಗಿನ ಅಂಕಿ-ಅಕ್ಷರಗಳ ಸಾಲು, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡದ್ದು. ಕಂಪನಿಯ ದಾಖಲೆಯಲ್ಲಿ ಯಾರದೋ ಹೆಸರು. ಖಾತೆಗೆ ಜೋಡಿಸಿದ ಫೋನ್ ನಂಬರ್ ಎಂದೋ ಸತ್ತಿತ್ತು. ಇಂಥ ಖಾತೆಗಳೆಂದರೆ ಕಳ್ಳರಿಗೆ ಹಬ್ಬ. ಅದನ್ನು ಹದ್ದಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮುಖ ತೊಳೆದು ಬಂದು ಫೋನ್ ಹಚ್ಚಿದ. ಎತ್ತಿದವಳು ಚಿಕ್ಕ ವಯಸ್ಸಿನ ಪರಿಶೀಲಕಿ. ದನಿ ತಣ್ಣಗಿತ್ತು.

"ಇದು ನಿಮ್ಮ ಮೂರನೇ ಅರ್ಜಿ."

"ಹೌದಮ್ಮ."

"ಖಾತೆಯಲ್ಲಿರೋ ಪಾತ್ರ ಹುಡುಗಿ."

"ಹೂಂ. ಎರಡು ಜಡೆ."

"ನೀವು ನೋಡಿದ್ರೆ ಗಂಡಸರು."

"ಅದೇನೋ... ಹಾಗಾಯ್ತು."

ಆಚೆ ಕಡೆ ಕೀಲಿಮಣೆ ಟಕಟಕ ಎಂದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕೈ ತಾನಾಗಿ ತಲೆಗೂದಲಿಗೆ ಹೋಯಿತು.

"ಮೂರು ಪ್ರಶ್ನೆ ಕೇಳ್ತೀನಿ. ಮೊದಲ ಮನೆ ಎಲ್ಲಿ ಕಟ್ಟಿದ್ರಿ?"

"ಕೆರೆ ದಂಡೆ ಮೇಲೆ, ಮುರಿದ ಸೇತುವೆ ಪಕ್ಕ."

ಥಟ್ಟನೆ ಬಂದುಬಿಟ್ಟಿತು. ಇಷ್ಟು ಬೇಗ ಹೇಳಬಾರದಿತ್ತು.

"ಆ ಮನೆ ಒಂದ್ಸಲ ಸುಟ್ಟುಹೋಗಿದೆ. ಹೇಗೆ?"

"ಒಲೆ ಪಕ್ಕ ಹುಲ್ಲು ಪೇರಿಸಿಟ್ಟಿದ್ದು. ಒಂದು ಕಿಡಿ ಸಾಕಾಯ್ತು."

ಮತ್ತೆ ಸರಿ! ನಾಲಿಗೆಯನ್ನು ಕಚ್ಚಿಕೊಂಡ. ಪರವಾಗಿಲ್ಲ, ಮುಂದಿನದು ಕುದುರೆ. ಹಿಂದಿನ ಎರಡೂ ಸಲ ಕುದುರೆಯ ಬಣ್ಣ ಕೇಳಿದ್ದರು. ಕಂದು, ಕಂದು ಎಂದು ಒಳಗೇ ಜಪಿಸಿದ.

"ಕೊನೇದು. ನಿಮ್ಮ ಜೊತೆ ಯಾವಾಗ್ಲೂ ಆಡ್ತಿದ್ದ ಇನ್ನೊಬ್ಬ ಆಟಗಾರರ ಹೆಸರೇನು?"

ಇದಕ್ಕೆ ಅವನು ಸಿದ್ಧನಾಗಿ ಬಂದಿರಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಕೆಳಗೆ ಲಾಂಡ್ರಿಯ ಯಂತ್ರ ಗರಗರ ತಿರುಗುತ್ತಿತ್ತು.

"ಸಾರ್? ಲೈನಲ್ಲಿದ್ದೀರಾ?"

"ಇದೀನಿ. ಹೆಸರು... ನೆನಪಿಲ್ಲಮ್ಮ. ಯಾರೋ ಒಬ್ರು ಬರ್ತಿದ್ರು."

ದನಿ ಒಡೆದಿತ್ತು. ಕನ್ನಡಿಯ ಮುಂದೆ ತಿಣುಕಿದರೂ ಬಾರದ ತಡವರಿಕೆ ಈಗ ಕೇಳದೆಯೇ ಬಂದಿತ್ತು.

ಪರಿಶೀಲಕಿಯ ದನಿ ಮೆತ್ತಗಾಯಿತು. "ಇರ್ಲಿ ಬಿಡಿ ಸಾರ್, ಅಷ್ಟೆಲ್ಲ ಯಾರಿಗೆ ನೆನಪಿರುತ್ತೆ? ನಿಜ ಹೇಳ್ಬೇಕಂದ್ರೆ ಅದೇ ನಿಮ್ಮನ್ನ ಉಳಿಸ್ತು. ನಮ್ಮ ಕೆಲಸದಲ್ಲಿ ಒಂದು ಹಳೇ ಮಾತಿದೆ. ಯಾರು ಹೇಳಿದ್ದೋ ಗೊತ್ತಿಲ್ಲ. ಕಳ್ಳ ಓದ್ಕೊಂಡು ಬರ್ತಾನೆ..."

ಉಳಿದರ್ಧವನ್ನು ಅವನು ಮನಸ್ಸಿನಲ್ಲೇ ಮುಗಿಸಿದ.

ಖಾತೆ ತೆರೆಯಿತು. ಪರದೆಯ ಮೇಲೆ ಕೆರೆ, ಮುರಿದ ಸೇತುವೆ, ಮತ್ತೆ ಕಟ್ಟಿದ ಮನೆ. ಬೇಲಿಯ ಬಳಿ ಕಪ್ಪು ಕುದುರೆ. ಮನೆಯ ಮೆಟ್ಟಿಲ ಮೇಲೆ ಇನ್ನೊಬ್ಬ ಆಟಗಾರ್ತಿಯ ಗೊಂಬೆ, ಕೊನೆಯ ಸಲ ಆಟ ನಿಲ್ಲಿಸಿ ಹೋದ ಭಂಗಿಯಲ್ಲೇ ಕೂತಿತ್ತು. ತಲೆಯ ಮೇಲೆ ಹೆಸರು ಹೊಳೆಯುತ್ತಿತ್ತು: ಗುಬ್ಬಚ್ಚಿ.

ಎರಡು ಜಡೆಯ ಹುಡುಗಿಯನ್ನು ಅವನು ಮೆಲ್ಲಗೆ ನಡೆಸಿಕೊಂಡು ಹೋಗಿ ಆ ಗೊಂಬೆಯ ಪಕ್ಕ ಕೂರಿಸಿದ. ಚಿಕ್ಕಂದಿನಲ್ಲಿ ಅವನನ್ನು ಹಿಡಿದು ಕೂರಿಸಿ ಜಡೆ ಹಾಕಿ ನಗುತ್ತಿದ್ದವಳು, ದೊಡ್ಡವರಾದ ಮೇಲೆ ಆಟದಲ್ಲೂ ಅವನಿಗೆ ಜಡೆಯನ್ನೇ ಆರಿಸಿಕೊಟ್ಟವಳು, ಈಗ ಈ ಮೆಟ್ಟಿಲ ಮೇಲೆ ಬಿಟ್ಟರೆ ಎಲ್ಲೂ ಇರಲಿಲ್ಲ.

"ಯಾರೋ ಒಬ್ರು ಅಂದ್ಬಿಟ್ಟೆ ಅಕ್ಕಾ, ತಪ್ಪಾಯ್ತು," ಎಂದ.

ತನ್ನದೇ ಖಾತೆಗಾಗಿ ಹಿಂದಿನ ಎರಡು ಸಲವೂ ಅವನು ಎಲ್ಲ ಪ್ರಶ್ನೆಗೂ ನಿಜವನ್ನೇ ಹೇಳಿ, ಕಳ್ಳನೆನಿಸಿಕೊಂಡಿದ್ದ.